ಡೊಮೇನ್ ವಾಲ್ ಅಲ್ಲಾಡುತ್ತಿಲ್ಲ, ಫಿಲ್ಮ್ ಬದಲಿಸಲಾ?

ಕಡಿಮೆ ಫೀಲ್ಡಿನಲ್ಲಿ (ಕಾಂತಕ್ಷೇತ್ರದಲ್ಲಿ) ಡೊಮೇನ್ ವಾಲ್, ಅಂದರೆ ಕಾಂತೀಯ ಫಿಲ್ಮಿನಲ್ಲಿ ವಿರುದ್ಧ ದಿಕ್ಕಿಗೆ ಕಾಂತವಾಗಿರುವ ಎರಡು ಭಾಗಗಳ ನಡುವಿನ ಗಡಿ, ಅಲ್ಲಾಡುವುದೇ ಇಲ್ಲ, ಫಿಲ್ಮಿನಲ್ಲಿ ದೋಷ ಜಾಸ್ತಿ ಇರಬೇಕು, ಹೊಸದು ತರಿಸಲಾ ಅಥವಾ ಸಿಮ್ಯುಲೇಶನ್ನಿಗೆ ಹೋಗಲಾ ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಸಂಕಟ. ಧಾರವಾಡದಲ್ಲಿ ನನ್ನ ಪಿಎಚ್‌ಡಿಯ ಒಂದು ವರ್ಷ ಹೋಗಿದ್ದೇ ಇದರಲ್ಲಿ.

ನನ್ನದೂ ಪ್ಲಾಟಿನಂ, ಕೋಬಾಲ್ಟ್, ಪ್ಲಾಟಿನಂ ಫಿಲ್ಮ್. ಕೋಬಾಲ್ಟ್ ಒಂದು ನ್ಯಾನೋಮೀಟರಿಗಿಂತ ತೆಳು. ಕಾಂತದ ದಿಕ್ಕನ್ನು ಬೆಳಕಿನಿಂದ ತೋರಿಸುವ ಕೆರ್ ಮೈಕ್ರೋಸ್ಕೋಪಿನಲ್ಲಿ ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ, ನಡುವಿನ ಗೆರೆಯೇ ವಾಲ್. ಎಲ್ಲಾ ಫೀಲ್ಡಿಗೂ ನಾನು ಕೊಟ್ಟಿದ್ದು ಒಂದೇ 1 ಸೆಕೆಂಡಿನ ಪಲ್ಸ್, ಅಂದರೆ ಅಷ್ಟು ಹೊತ್ತು ಮಾತ್ರ ಫೀಲ್ಡ್. ಮುಂಚಿನ ಫೋಟೋ, ಆಮೇಲಿನ ಫೋಟೋ, ಒಂದರಿಂದ ಒಂದನ್ನು ಕಳೆಯುವುದು. ಗೆರೆ ಸರಿದಿದ್ದರೆ ದೂರ ಬರೆದುಕೊಂಡೆ. ಸರಿದಿಲ್ಲ ಅಂದರೆ ಸೊನ್ನೆ.

ಆ ಸೊನ್ನೆಯೇ ನನ್ನನ್ನು ಮುಳುಗಿಸಿದ್ದು. ಲೆಕ್ಕ ಹಾಕಿ ನೋಡಿ. ವಾಲ್ ಸೆಕೆಂಡಿಗೆ 10 ನ್ಯಾನೋಮೀಟರ್ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ಬೆಳಕಿನ ಮೈಕ್ರೋಸ್ಕೋಪಿಗೆ ಸುಮಾರು 300 ನ್ಯಾನೋಮೀಟರಿಗಿಂತ ಸಣ್ಣ ಸರಿದಾಟ ಸಿಗುವುದು ಕಷ್ಟ. ಒಂದು ಸೆಕೆಂಡಿಗೆ ಏನು ಕಂಡೀತು? ಅದೇ ಫೀಲ್ಡನ್ನು 10 ನಿಮಿಷ ಬಿಟ್ಟಿದ್ದರೆ 6 ಮೈಕ್ರೋಮೀಟರ್! ಕಣ್ಣಿಗೆ ಹೊಡೆಯುವಷ್ಟು. ಸಾಲದ್ದಕ್ಕೆ ವೇಗ ಮತ್ತು ಫೀಲ್ಡಿನ ಗ್ರಾಫನ್ನು ಲಾಗ್ ಬಿಟ್ಟು ಮಾಮೂಲಿ ಸ್ಕೇಲಿನಲ್ಲಿ ಹಾಕಿದೆ. ನೆಲಕ್ಕೆ ಅಂಟಿಕೊಂಡ ಗೆರೆ, ಆಮೇಲೆ ಧಿಡೀರ್ ಏರಿಕೆ. ಏರುವ ಜಾಗಕ್ಕೆ 'ಡಿಪಿನ್ನಿಂಗ್ ಫೀಲ್ಡ್' (ದೋಷಗಳ ಹಿಡಿತದಿಂದ ವಾಲ್ ಪೂರ್ತಿ ಬಿಡಿಸಿಕೊಳ್ಳುವ ಫೀಲ್ಡ್) ಅಂತ ಹೆಸರು ಬರೆದುಬಿಟ್ಟೆ. ನಿಜವಾದದ್ದು ಎಷ್ಟೋ ಮೇಲಿತ್ತು.

ಮೂರು ಫಿಲ್ಮನ್ನು ಕೆಟ್ಟಿದೆ ಅಂತ ತೆಗೆದಿಟ್ಟೆ. ನಾಲ್ಕನೆಯದನ್ನು 'ಸರಿಮಾಡಲು' ಫರ್ನೇಸಿಗೆ ಹಾಕಿದೆ. ಜಾಸ್ತಿ ಕಾಸಿದ್ದಕ್ಕೆ ಪದರಗಳು ಒಂದರೊಳಗೊಂದು ಬೆರೆತು, ಫಿಲ್ಮಿಗೆ ನೆಟ್ಟಗೆ ನಿಂತಿದ್ದ ಮ್ಯಾಗ್ನೆಟೈಸೇಶನ್ (ಕಾಂತದ ದಿಕ್ಕು) ಮಲಗಿಬಿಟ್ಟಿತು. ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ನನ್ನ ಪೋಸ್ಟರ್ ನೋಡಿ ಕೇಳಿದ್ದು ಒಂದೇ: "ಎಷ್ಟ್ ಹೊತ್ತ್ ಕಾದೀರಿ?" "ಒಂದ್ ಸೆಕೆಂಡ್ ರೀ ಸರ್." ಅವರು ಮತ್ತೇನೂ ಕೇಳಲಿಲ್ಲ.

ಜಾಲಿ ಕಂಟಿಗಳ ಮೇಲೆ ಉದ್ದ ಹಗ್ಗ ಎಳೆದಿದ್ದೀರಾ? ಅಲ್ಲಲ್ಲಿ ಮುಳ್ಳಿಗೆ ಸಿಗುತ್ತದೆ, ನಡುವೆ ಉಬ್ಬುತ್ತದೆ. ಗಾಳಿ ಅಲುಗಿಸಿದಾಗ ಒಂದೊಂದೇ ತುಂಡು ಬಿಡಿಸಿಕೊಂಡು ಮುಂದೆ ಬರುತ್ತದೆ. ಫಿಲ್ಮಿನಲ್ಲಿ ಹಗ್ಗವೇ ವಾಲ್, ಮುಳ್ಳೇ ದೋಷ, ಆ ಗಾಳಿಯ ಕೆಲಸ ಶಾಖದ್ದು. ಇದೇ ಕ್ರೀಪ್. ಫೀಲ್ಡ್ ಇಳಿಸಿದಂತೆ ವೇಗ ಭಯಂಕರ ಬೀಳುತ್ತದೆ, ಆದರೆ ಸೊನ್ನೆ ಆಗುವುದಿಲ್ಲ. ವೇಗದ ಲಾಗನ್ನು ಫೀಲ್ಡಿನ ಮೈನಸ್ ಕಾಲು (-1/4) ಘಾತದ ಎದುರು ಹಾಕಿ, ಸರಳರೇಖೆ ಬರಬೇಕು. 1998ರಲ್ಲಿ ಫ್ರಾನ್ಸಿನ ತಂಡವೊಂದು ಇಂಥದೇ ಫಿಲ್ಮಿನಲ್ಲಿ ಅಳೆದು ತೋರಿಸಿದ್ದು ಇದನ್ನೇ.

ಹಾಗಾಗಿ ದೋಷವಿಲ್ಲದ ಫಿಲ್ಮ್ ಹುಡುಕಬೇಡಿ. ಮುಳ್ಳೇ ಇಲ್ಲದಿದ್ದರೆ ನೀವು ಅಳೆಯುವುದಾದರೂ ಏನನ್ನು? ಸಿಮ್ಯುಲೇಶನ್ನಿಗೂ ಓಡಬೇಡಿ. ಮೈಕ್ರೋಮ್ಯಾಗ್ನೆಟಿಕ್ ಸಿಮ್ಯುಲೇಶನ್ ನ್ಯಾನೋಸೆಕೆಂಡುಗಳ ಆಟ, ನಿಮ್ಮ ವಾಲಿಗೆ ಬೇಕಾಗಿರುವುದು ನಿಮಿಷಗಳು.

ಪ್ರತಿ ಫೀಲ್ಡಿಗೂ ನಾಲ್ಕೈದು ಬೇರೆ ಬೇರೆ ಅವಧಿಯ ಪಲ್ಸ್ ಕೊಡಿ, ದೂರ ಮತ್ತು ಅವಧಿಯ ಗ್ರಾಫಿನ ಇಳಿಜಾರನ್ನು ವೇಗ ಅನ್ನಿ. ಫೀಲ್ಡ್ ಕೊಡುವ ಕಾಯಿಲಿನಲ್ಲಿ ಕರೆಂಟ್ ತುಂಬಿಕೊಳ್ಳುವ ಹೊತ್ತಿನ ತಪ್ಪು ಅಲ್ಲೇ ಕಳೆದುಹೋಗುತ್ತದೆ. ಉದ್ದ ಪಲ್ಸಿಗೆ ಕಾಯಿಲ್ ಬಿಸಿಯಾಗಿ ಫಿಲ್ಮೂ ಬಿಸಿಯಾದರೆ ವಾಲ್ ಸುಳ್ಳು ವೇಗ ತೋರಿಸುತ್ತದೆ, ಪಕ್ಕದಲ್ಲೇ ಬಿಸಿ ಅಳೆಯುವ ಥರ್ಮೋಕಪಲ್ ಇಡಿ. ಕಾಣದಿದ್ದರೆ ಸೊನ್ನೆ ಬರೆಯಬೇಡಿ, 'ಇಷ್ಟು ಹೊತ್ತು ಕಾದೆ, ಕಾಣಲಿಲ್ಲ' ಅಂತ ಬರೆಯಿರಿ.

ಹಾಂ, ಯುಪಿಎಸ್ ನೋಡಿಕೊಳ್ಳಿ. ನಮ್ಮ ಕಡೆ ಮಳೆ ಹಿಡಿದರೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿರುವುದಿಲ್ಲ. ಒಂದು ಸಲ ನಲವತ್ತು ನಿಮಿಷದ ಪಲ್ಸು ಮೂವತ್ತೆಂಟನೇ ನಿಮಿಷಕ್ಕೆ ಹೋಯಿತು.