ಕೋಲು ನಿಮಗಿಂತ ಒಂದು ಹೆಜ್ಜೆ ಮುಂದಿರಲಿ

ಪ್ರಶ್ನೆ: ಸರ್, ನನಗೆ 42 ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಕಿರಿದಾಗುತ್ತಾ ಬಂದಿದೆ. ಎದುರಿಗಿರುವವರ ಮುಖ ಕಾಣುತ್ತದೆ, ಕಾಲಬುಡದ ಮೆಟ್ಟಿಲು ಕಾಣುವುದಿಲ್ಲ. ಬಿಳಿ ಕೋಲು ತಂದು ನಾಲ್ಕು ತಿಂಗಳಾಯಿತು, ಇನ್ನೂ ಬ್ಯಾಗಿನಲ್ಲೇ ಇದೆ. ಅಲ್ಪಸ್ವಲ್ಪ ಕಾಣುವ ನಾನು ಅದನ್ನು ಹಿಡಿಯಬಹುದೇ? ದಿನವೂ ಬಸ್ಸು, ರೈಲು ಹತ್ತಬೇಕು.

ಉತ್ತರ: ಧಾರಾಳವಾಗಿ ಹಿಡಿಯಿರಿ. ಪೂರ್ತಿ ಕಾಣದವರಿಗೆ ಮಾತ್ರ ಬಿಳಿ ಕೋಲು ಎಂಬ ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನ ಬಿದ್ದು ಏಟು ಮಾಡಿಕೊಂಡ ಮೇಲೆ ನನ್ನ ಬಳಿ ಕಲಿಯಲು ಬರುತ್ತಾರೆ. ನೀವು ಹಾಗೆ ಮಾಡಬೇಡಿ. ದೂರದ್ದನ್ನು ಕಣ್ಣು ನೋಡಿಕೊಳ್ಳಲಿ, ಕಾಲಡಿಯದ್ದನ್ನು ಕೋಲಿಗೆ ಬಿಡಿ.

ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ಅದು ನಿಮ್ಮ ಎದೆಯ ನಡುವಿನವರೆಗಾದರೂ ಬರಬೇಕು. ಗಿಡ್ಡ ಕೋಲು ತಡವಾಗಿ ಎಚ್ಚರಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಅಮೆರಿಕದಲ್ಲಿ ರಿಚರ್ಡ್ ಹೂವರ್ ಕಲಿಸಿದ ಕ್ರಮವೇ ಇಂದಿಗೂ ಅಡಿಪಾಯ: ಎಡಗಾಲು ಮುಂದಿಡುವಾಗ ತುದಿ ಬಲಕ್ಕೆ, ಬಲಗಾಲು ಇಡುವಾಗ ಎಡಕ್ಕೆ. ಹೀಗಾಗಿ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಆಗಲೇ ಮುಟ್ಟಿರುತ್ತದೆ. ಬೀಸುವ ಅಗಲ ಭುಜಕ್ಕಿಂತ ತುಸು ಹೆಚ್ಚಿದ್ದರೆ ಸಾಕು. ತೋಳು ಆಡಿಸಬೇಡಿ, ಮಣಿಕಟ್ಟು ಮಾತ್ರ ಆಡಲಿ.

ಬಸ್ಸಿನ ಬಾಗಿಲು ಸಿಕ್ಕ ಮೇಲೆ ಕೋಲನ್ನು ನೆಟ್ಟಗೆ ಮಾಡಿ, ತುದಿಯಿಂದ ಮೆಟ್ಟಿಲ ಅಂಚನ್ನು ಮುಟ್ಟಿ ಎತ್ತರ ನೋಡಿ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಹತ್ತಿ. ಕುಳಿತಾಗ ಕೋಲು ಮೊಣಕಾಲುಗಳ ನಡುವೆ ನೆಟ್ಟಗಿರಲಿ.

ರೈಲಿನ ವಿಷಯದಲ್ಲಿ ಮಾತ್ರ ನನ್ನದು ಕಟ್ಟುನಿಟ್ಟು. ಎರಡು ಬೋಗಿಗಳ ನಡುವಿನ ಖಾಲಿ ಜಾಗ ಕೈಗೂ ಕಿವಿಗೂ ತೆರೆದ ಬಾಗಿಲಿನಂತೆಯೇ ಅನಿಸುತ್ತದೆ. ಕೋಲನ್ನು ಒಳಗೆ ಚಾಚಿ ಕುಟ್ಟಿ; ಟಕ್ಕೆಂದು ನೆಲ ಸಿಕ್ಕರಷ್ಟೇ ಕಾಲಿಡಿ. ಎಷ್ಟೇ ಅವಸರವಿರಲಿ, ಪ್ರತಿ ಸಲವೂ. ಪ್ಲಾಟ್‌ಫಾರಂ ಅಂಚಿನ ಗುಂಡು ಉಬ್ಬುಗಳ ಟೈಲ್ಸ್ ಕೋಲಿನ ತುದಿಗೆ ತಗುಲಿದರೆ ಅಲ್ಲೇ ನಿಲ್ಲಿ. ಉದ್ದ ಪಟ್ಟಿಗಳದ್ದು ದಾರಿ ತೋರಿಸುವ ಟೈಲ್ಸ್. ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದ ಇಂಥ ಉಬ್ಬು ಟೈಲ್ಸ್ 1967ರಲ್ಲಿ ಒಕಾಯಾಮಾದ ರಸ್ತೆಯಲ್ಲಿ ಮೊದಲು ಬಂದವು.

ಕೋಲಿಗೂ ಮಿತಿಯಿದೆ. ಸೊಂಟದ ಮೇಲಿನದ್ದು ಅದಕ್ಕೆ ಸಿಗುವುದಿಲ್ಲ. ಬಾಗಿದ ಕೊಂಬೆ, ನಿಂತ ಲಾರಿಯ ಹಿಂಭಾಗ, ಇವುಗಳ ಅಡಿಯಲ್ಲಿ ಕೋಲು ಸಲೀಸಾಗಿ ಹಾದುಹೋಗುತ್ತದೆ, ಏಟು ಬೀಳುವುದು ಹಣೆಗೆ. ಅನುಮಾನವಿದ್ದ ಕಡೆ ಖಾಲಿ ಕೈಯನ್ನು ಮುಖದೆದುರು ಅಡ್ಡ ಹಿಡಿಯಿರಿ. ರಸ್ತೆ ದಾಟುವಾಗ ಸದ್ದಿಲ್ಲವೆಂದು ನುಗ್ಗಬೇಡಿ. ನಿಧಾನವಾಗಿ ಬರುವ ವಿದ್ಯುತ್ ವಾಹನ ಕೇಳಿಸದೆ ಹೋಗಬಹುದು, ಮಳೆಯಲ್ಲಂತೂ ಎಲ್ಲ ಸದ್ದೂ ಕಲಸಿಹೋಗುತ್ತದೆ. ಪಕ್ಕದವರನ್ನು ಕೇಳಿ. ಅವರು ಕೋಲನ್ನೇ ಹಿಡಿದೆಳೆದರೆ, "ಕೋಲು ಬಿಡಿ, ನಿಮ್ಮ ಮೊಣಕೈ ಕೊಡಿ" ಎನ್ನಿ. ಅರ್ಧ ಹೆಜ್ಜೆ ಹಿಂದೆ ನಡೆದರೆ ಅವರು ಹತ್ತಿ ಇಳಿಯುವುದು ನಿಮ್ಮ ಕೈಗೇ ತಿಳಿಯುತ್ತದೆ.

ಸಾಧ್ಯವಾದರೆ ತರಬೇತುದಾರರ ಜೊತೆ ಕಲಿಯಿರಿ. ಮೊದಲು ಜನ ಕಡಿಮೆಯಿರುವ ಹೊತ್ತಿನಲ್ಲಿ, ಗೊತ್ತಿರುವ ಒಂದೇ ದಾರಿಯಲ್ಲಿ, ಹತ್ತಿರದವರೊಬ್ಬರು ಹಿಂದೆಯೇ ಇರುವಂತೆ ನಡೆಯಿರಿ. ಆ ದಾರಿ ಕೈಗೆ ಹತ್ತಿದ ಮೇಲೆ ಅದೇ ದಾರಿಯಲ್ಲಿ ಸಂಜೆ ಹೋಗಿ ನೋಡಿ.