ಕ್ಯಾಂಪ್ ಲೆಜೂನ್ ನೀರು ಮತ್ತು ಮಾಜಿ ಸೈನಿಕರ ಪರಿಹಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿರುವ ಕ್ಯಾಂಪ್ ಲೆಜೂನ್ ಅಲ್ಲಿಯ ಸೇನೆಯ ಒಂದು ವಿಭಾಗವಾದ ಮರೀನ್ ದಳದ ದೊಡ್ಡ ನೆಲೆ. ಅಲ್ಲಿ 1953ರ ಆಗಸ್ಟ್ 1ರಿಂದ 1987ರ ಡಿಸೆಂಬರ್ 31ರವರೆಗೆ ನಲ್ಲಿಯಲ್ಲಿ ರಾಸಾಯನಿಕ ಬೆರೆತ ನೀರು ಬರುತ್ತಿತ್ತು. ಅದರಿಂದ ಕಾಯಿಲೆ ಬಿದ್ದವರಿಗೆ ಅಮೆರಿಕದ ಮಾಜಿ ಸೈನಿಕರ ಇಲಾಖೆ (ಎಲ್ಲರೂ ಕರೆಯುವಂತೆ ವಿಎ) ಅಂಗವೈಕಲ್ಯ ಪರಿಹಾರ ಕೊಡುತ್ತದೆ. ಅಲ್ಲಿಯ ಕನ್ನಡಿಗರ ಮನೆಗಳಿಂದ ಈ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರ: ನಮ್ಮ ಮಾವನವರು ಅಮೆರಿಕನ್. 1978ರಲ್ಲಿ ಲೆಜೂನ್‌ನಲ್ಲಿ ಮರೀನ್ ಆಗಿದ್ದರು. ಈಗ ಮೂತ್ರಕೋಶದ ಕ್ಯಾನ್ಸರ್ ಎಂದಿದ್ದಾರೆ. ಹಿಂದೆ ಸಿಗರೇಟ್ ಸೇದುತ್ತಿದ್ದರು. ಕಾಯಿಲೆ ನೀರಿನಿಂದಲೇ ಬಂತು ಎಂದು ಸಾಬೀತು ಮಾಡುವುದು ಹೇಗೆ? (ಕೇರಿ, ನಾರ್ತ್ ಕ್ಯಾರೊಲಿನಾ)

ಉ: ಸಾಬೀತು ಮಾಡಬೇಕಾಗಿಲ್ಲ. 2017ರ ಮಾರ್ಚ್ 14ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಎಂಟು ಕಾಯಿಲೆಗಳಿಗೆ ಆ ಸಂಬಂಧವನ್ನು ಇಲಾಖೆಯೇ ಒಪ್ಪಿಕೊಂಡು ಮುಂದುವರಿಯುತ್ತದೆ. ವಯಸ್ಕರ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್), ಅಪ್ಲಾಸ್ಟಿಕ್ ಅನೀಮಿಯಾ ಮತ್ತು ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ (ಮೂಳೆಮಜ್ಜೆಯಲ್ಲಿ ರಕ್ತಕಣ ಸರಿಯಾಗಿ ತಯಾರಾಗದ ಕಾಯಿಲೆಗಳು), ಮೂತ್ರಕೋಶದ ಕ್ಯಾನ್ಸರ್, ಮೂತ್ರಪಿಂಡದ ಕ್ಯಾನ್ಸರ್, ಯಕೃತ್ತಿನ ಕ್ಯಾನ್ಸರ್, ಮಲ್ಟಿಪಲ್ ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್), ನಾನ್-ಹಾಡ್ಕಿನ್ಸ್ ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್), ಪಾರ್ಕಿನ್ಸನ್ಸ್ (ನಡುಕದ ನರರೋಗ): ಇವೇ ಆ ಎಂಟು.

ನಿಮ್ಮ ಮಾವ ತೋರಿಸಬೇಕಾದದ್ದು ಮೂರೇ. ಮೇಲೆ ಹೇಳಿದ ಅವಧಿಯಲ್ಲಿ ಲೆಜೂನ್ ಅಥವಾ ಪಕ್ಕದ ನ್ಯೂ ರಿವರ್ ವಾಯುನೆಲೆಯಲ್ಲಿ ಒಟ್ಟು 30 ದಿನ ಸೇವೆಯಲ್ಲಿದ್ದರು. ಕಾಯಿಲೆಯನ್ನು ವೈದ್ಯರು ಖಚಿತಪಡಿಸಿದ್ದಾರೆ. ಸೇನೆಯಿಂದ ಅಗೌರವದ ಬಿಡುಗಡೆ ಆಗಿಲ್ಲ. ಸಿಗರೇಟಿನ ಮಾತು ಹೇಗೂ ವೈದ್ಯಕೀಯ ದಾಖಲೆಯಲ್ಲಿ ಇರುತ್ತದೆ, ಮುಚ್ಚಿಡಲು ಹೋಗಬೇಡಿ. ನೀರಿಗೂ ಕಾಯಿಲೆಗೂ ಸಂಬಂಧವಿಲ್ಲ ಎನ್ನಲು ಇಲಾಖೆಗೆ ಅವಕಾಶ ಇದೆ, ಆದರೆ ಅದನ್ನು ತೋರಿಸುವ ಹೊಣೆ ಇಲಾಖೆಯದು.

ಅರ್ಜಿಗಳು ಹೆಚ್ಚಾಗಿ ಬಿದ್ದುಹೋಗುವುದು ಈ ಸರಳ ಭಾಗದಲ್ಲೇ. ನೀರಿನ ವಿಷದ ಬಗ್ಗೆ ಇಂಟರ್ನೆಟ್ಟಿನಿಂದ ನೂರು ಪುಟ ಮುದ್ರಿಸಿ ಲಗತ್ತಿಸುತ್ತಾರೆ, 30 ದಿನಕ್ಕೆ ಒಂದೇ ಒಂದು ಕಾಗದ ಇಡುವುದಿಲ್ಲ.

ಪ್ರ: ಮೂವತ್ತೇ ದಿನ ಸಾಕೆ? ನೀರಿನಲ್ಲಿ ಅಂಥದ್ದೇನಿತ್ತು? ಕುದಿಸಿ ಕುಡಿದಿದ್ದರೆ ತಪ್ಪುತ್ತಿತ್ತೇ? (ಡಲ್ಲಾಸ್)

ಉ: ಮುಖ್ಯವಾಗಿ ನಾಲ್ಕು ರಾಸಾಯನಿಕಗಳು. ಯಂತ್ರಗಳ ಗ್ರೀಸ್ ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ (ಟಿಸಿಇ), ಡ್ರೈಕ್ಲೀನಿಂಗ್‌ಗೆ ಬಳಸುವ ಪರ್‌ಕ್ಲೋರೋಎಥಿಲೀನ್ (ಪಿಸಿಇ), ಇಂಧನದಿಂದ ಬರುವ ಬೆಂಜೀನ್, ಮತ್ತು ಮೊದಲ ಎರಡು ನೆಲದಡಿಯಲ್ಲಿ ಒಡೆದಾಗ ಹುಟ್ಟುವ ವಿನೈಲ್ ಕ್ಲೋರೈಡ್. ಟರಾವಾ ಟೆರೇಸ್ ವಸತಿಯ ಬಾವಿಗಳಿಗೆ ಪಿಸಿಇ ಬಂದದ್ದು ನೆಲೆಯ ಹೊರಗಿನ ಒಂದು ಡ್ರೈಕ್ಲೀನಿಂಗ್ ಅಂಗಡಿಯಿಂದ. ನೆಲೆಯ ಇನ್ನೊಂದು ಭಾಗವಾದ ಹ್ಯಾಡ್ನಾಟ್ ಪಾಯಿಂಟ್‌ನದು ನೆಲೆಯ ಒಳಗಿನದೇ ಕೊಳೆ: ಸೋರುವ ನೆಲದಡಿಯ ಟ್ಯಾಂಕುಗಳು, ಕಾರ್ಖಾನೆ ಭಾಗದ ಸೋರಿಕೆ, ಕಸ ಸುರಿದ ಜಾಗಗಳು. 1982ರ ಮೇ ತಿಂಗಳಲ್ಲಿ ಹ್ಯಾಡ್ನಾಟ್ ಪಾಯಿಂಟ್ ನೀರಿನಲ್ಲಿ ಟಿಸಿಇ ಪ್ರಮಾಣ ಶತಕೋಟಿಗೆ 1,400 ಭಾಗ ಇತ್ತು. ಇಂದಿನ ಮಿತಿ 5.

ಕುದಿಸಿದ್ದರೆ ಪ್ರಯೋಜನ ಕಡಿಮೆ. ಇವು ಆವಿಯಾಗುವ ರಾಸಾಯನಿಕಗಳು. ಪಾತ್ರೆಯ ನೀರಿನಿಂದ ಹೊರಟು ಅಡುಗೆಮನೆಯ ಗಾಳಿಗೆ ಸೇರುತ್ತವೆ. ಬಿಸಿನೀರಿನ ಸ್ನಾನದಲ್ಲಿ ಉಸಿರಿನ ಮೂಲಕವೂ ಚರ್ಮದ ಮೂಲಕವೂ ಒಳಗೆ ಹೋಗುತ್ತವೆ. ಬಾಟಲಿ ನೀರನ್ನೇ ಕುಡಿಯುತ್ತಿದ್ದೆ ಎನ್ನುವವರು ಸ್ನಾನ ಮಾಡಿದ್ದು ಅದೇ ನಲ್ಲಿಯಲ್ಲಿ.

ಮೂವತ್ತು ದಿನದ ಲೆಕ್ಕಕ್ಕೂ ಕಾರಣವಿದೆ. ಶುದ್ಧೀಕರಣ ಘಟಕಕ್ಕೆ ಹಲವು ಬಾವಿಗಳ ನೀರು ಬರುತ್ತಿತ್ತು, ಇವತ್ತು ಕೆಲವು ಬಾವಿ, ನಾಳೆ ಬೇರೆ ಕೆಲವು. ಕೆಟ್ಟ ಬಾವಿ ಚಾಲೂ ಇದ್ದ ದಿನ ವಿಷ ಏರಿ, ಬಂದ್ ಆದ ದಿನ ಇಳಿಯುತ್ತಿತ್ತು. ಯಾವ ಸೈನಿಕ ಯಾವ ದಿನ ಎಷ್ಟು ಕುಡಿದ ಎಂದು ನಲವತ್ತು ವರ್ಷದ ನಂತರ ಯಾರೂ ಹೇಳಲಾರರು. ಆದ್ದರಿಂದಲೇ ಪ್ರಮಾಣ ಕೇಳದೆ ದಿನ ಕೇಳುತ್ತಾರೆ. ಆ ದಿನಗಳು ಸತತವಾಗಿ ಇರಬೇಕಾಗಿಲ್ಲ. ಮೀಸಲು ಪಡೆಯವರು ಹುಷಾರಾಗಿ ಎಣಿಸಬೇಕು: ಎರಡು ವರ್ಷದ ಬೇಸಿಗೆ ತರಬೇತಿ 14 ಮತ್ತು 14 ಸೇರಿ 28 ದಿನ, ಎರಡು ಕಡಿಮೆ. ಅಲ್ಲೇ ನಡೆದ ವಾರಾಂತ್ಯದ ತರಬೇತಿಯ ದಾಖಲೆ ಹುಡುಕಿ ಸೇರಿಸಿದರೆ ಲೆಕ್ಕ ತುಂಬುತ್ತದೆ.

ಪ್ರ: ಮಾವನ ಬಿಡುಗಡೆ ಪತ್ರದಲ್ಲಿ ಲೆಜೂನ್ ಹೆಸರೇ ಇಲ್ಲ. ಹಳೆಯ ದಾಖಲೆಗಳೆಲ್ಲ ಸೇಂಟ್ ಲೂಯಿಸ್ ಬೆಂಕಿಯಲ್ಲಿ ಹೋದವು ಎಂದು ಯಾರೋ ಹೇಳಿದರು. ನಾನು ಅವರ ಅಳಿಯ, ಕಾಗದದ ಕೆಲಸ ನನ್ನ ಪಾಲಿಗೆ ಬಂದಿದೆ. (ಅಟ್ಲಾಂಟಾ)

ಉ: ನಿಮಗೆ ಹೇಳಿದವರು ಅರ್ಧ ಸುದ್ದಿ ಹೇಳಿದ್ದಾರೆ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದದ್ದು ನಿಜ. ಸುಟ್ಟದ್ದು ಭೂಸೇನೆ ಮತ್ತು ವಾಯುಪಡೆಯ ಕಡತಗಳು. ಮರೀನ್ ಮತ್ತು ನೌಕಾಪಡೆಯ ಕಡತಗಳು ಅದರಲ್ಲಿ ಇರಲಿಲ್ಲ.

ಬಿಡುಗಡೆ ಪತ್ರ, ಅಂದರೆ ಡಿಡಿ-214, ಒಂದೇ ಹಾಳೆಯದು. ಅದರಲ್ಲಿ ಕೊನೆಯ ಘಟಕ, ಬಿಡುಗಡೆಯಾದ ಸ್ಥಳ ಇರುತ್ತವೆ, ನಡುವಿನ ನೆಲೆಗಳು ಇರಲೇಬೇಕೆಂದಿಲ್ಲ. ನಿಮಗೆ ಬೇಕಾದದ್ದು ಪೂರ್ತಿ ಸೇವಾ ಕಡತ. ಎಸ್‌ಎಫ್-180 ನಮೂನೆ ತುಂಬಿ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಕಳುಹಿಸಿ. ಮಾವ ಬದುಕಿದ್ದರೆ ಸಹಿ ಅವರದೇ ಇರಬೇಕು. ಬಿಡುಗಡೆ ಪತ್ರ ಮಾತ್ರವಲ್ಲ, ಪೂರ್ತಿ ಕಡತ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಅದೇ ಒಂದು ಹಾಳೆ ಮತ್ತೆ ಬರುತ್ತದೆ.

ಕಡತ ಬಂದ ಮೇಲೆ ಕಾಲಾನುಕ್ರಮದ ಸೇವಾ ಪುಟ ತೆಗೆಯಿರಿ. ಯಾವ ಘಟಕ, ಯಾವತ್ತು ಸೇರಿದ್ದು, ಯಾವತ್ತು ಬಿಟ್ಟದ್ದು ಎಲ್ಲ ಸಾಲಾಗಿ ಇರುತ್ತದೆ. ಲೆಜೂನ್ ಎಂಬ ಹೆಸರು ಇಲ್ಲದೆ ಕ್ಯಾಂಪ್ ಗೈಗರ್, ಕ್ಯಾಂಪ್ ಜಾನ್ಸನ್ ಎಂದು ಇರಬಹುದು. ಅವೂ ಲೆಜೂನ್ ಎಲ್ಲೆಯ ಒಳಗಿನವೇ. ಪ್ಯಾರಿಸ್ ಐಲ್ಯಾಂಡ್ ಎಂದಿದ್ದರೆ ಆ ದಿನಗಳನ್ನು ಎಣಿಸಬೇಡಿ, ಅದು ಸೌತ್ ಕ್ಯಾರೊಲಿನಾದ ತರಬೇತಿ ಕೇಂದ್ರ. ಪುಟದಲ್ಲಿ ಘಟಕದ ಸಂಕ್ಷಿಪ್ತ ಹೆಸರು ಮಾತ್ರ ಇದ್ದರೆ ಆ ವರ್ಷ ಅದು ಎಲ್ಲಿತ್ತು ಎಂಬುದಕ್ಕೆ ಬೇರೆ ಆಧಾರ ಜೋಡಿಸಿ: ಬಡ್ತಿ ಆದೇಶ, ರಜೆ ಚೀಟಿ, ನೆಲೆಯ ಆಸ್ಪತ್ರೆಯ ಹಲ್ಲಿನ ದಾಖಲೆ ಆದರೂ ಆದೀತು. ಜೊತೆಯಲ್ಲಿದ್ದ ಸೈನಿಕ 21-10210 ನಮೂನೆಯಲ್ಲಿ ಹೇಳಿಕೆ ಕೊಡಬಹುದು. ಕಾಗದದ ಜೊತೆ ಅದು ಬಲ ಕೊಡುತ್ತದೆ, ಒಂಟಿಯಾಗಿ ಅಷ್ಟು ನಿಲ್ಲುವುದಿಲ್ಲ.

ಪ್ರ: ಅರ್ಜಿ ಹಾಕುವ ಕ್ರಮ ಹೇಳಿ. ದಾಖಲೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎನ್ನುತ್ತಾರೆ. (ಷಾರ್ಲೆಟ್)

ಉ: ದಾಖಲೆಗಾಗಿ ಕಾಯಬೇಡಿ. ಇವತ್ತೇ 21-0966 ನಮೂನೆಯಲ್ಲಿ 'ಅರ್ಜಿ ಹಾಕುವ ಉದ್ದೇಶ' ದಾಖಲಿಸಿ. ಆನ್‌ಲೈನಿನಲ್ಲೂ ಆಗುತ್ತದೆ. ಅಲ್ಲಿಂದ ಒಂದು ವರ್ಷದೊಳಗೆ ಪೂರ್ತಿ ಅರ್ಜಿ (21-526ಇಝಡ್) ಹಾಕಿ ಮಂಜೂರಾದರೆ ಹಣ ಉದ್ದೇಶ ದಾಖಲಿಸಿದ ದಿನದಿಂದ ಲೆಕ್ಕವಾಗುತ್ತದೆ. ವರ್ಷದ ಮೇಲೆ ಒಂದು ದಿನ ದಾಟಿದರೂ ಆ ತಾರೀಕು ಹೋಯಿತು.

ಅರ್ಜಿಯಲ್ಲಿ ಕಾಯಿಲೆಯ ಹೆಸರನ್ನು ವೈದ್ಯರು ಬರೆದ ಹಾಗೆಯೇ ಬರೆಯಿರಿ, ಪಕ್ಕದಲ್ಲಿ ಕ್ಯಾಂಪ್ ಲೆಜೂನ್ ನೀರು ಎಂದು ಸೇರಿಸಿ. ಬಯಾಪ್ಸಿ ವರದಿ ಇರಲಿ. ಯಕೃತ್ತಿನ ಕ್ಯಾನ್ಸರ್ ಎಂದು ಬರೆದು, ವರದಿಯಲ್ಲಿ ನೋಡಿದರೆ ದೊಡ್ಡ ಕರುಳಿನಿಂದ ಯಕೃತ್ತಿಗೆ ಹರಡಿದ್ದು ಎಂದಿದ್ದರೆ ಎಂಟರ ಪಟ್ಟಿ ನೆರವಿಗೆ ಬರುವುದಿಲ್ಲ. ಕ್ಯಾನ್ಸರ್ ಮೊದಲು ಹುಟ್ಟಿದ ಜಾಗವೇ ಲೆಕ್ಕ. ಹಾಗೆಯೇ ಔಷಧದಿಂದ ಬಂದ ನಡುಕವನ್ನು ಪಾರ್ಕಿನ್ಸನ್ಸ್ ಎಂದು ಬರೆದರೆ ಆಗದು.

ನಂತರ ಇಲಾಖೆಯ ಪರವಾಗಿ ಗುತ್ತಿಗೆ ಕಂಪನಿಯವರು ತಪಾಸಣೆಗೆ ಕರೆಯುತ್ತಾರೆ, ಸಾಮಾನ್ಯವಾಗಿ ಗುರುತಿಲ್ಲದ ನಂಬರಿನಿಂದ. ಮೋಸದ ಕರೆ ಎಂದು ಕಟ್ ಮಾಡಿ, ತಪಾಸಣೆ ತಪ್ಪಿಸಿಕೊಂಡು, ಅರ್ಜಿ ತಿರಸ್ಕೃತವಾದವರು ಬಹಳ ಮಂದಿ. ಅರ್ಜಿ ಹಾಕಿದ ಮೇಲೆ ಮನೆಯಲ್ಲಿ ಒಬ್ಬರು ಫೋನ್ ನೋಡಿಕೊಳ್ಳಬೇಕು.

ಪ್ರ: ಎಷ್ಟು ಹಣ ಬರುತ್ತದೆ? ಚಿಕಿತ್ಸೆ ಮುಗಿದ ಮೇಲೂ ಬರುತ್ತದೆಯೇ? (ಕೇರಿಯ ಅದೇ ಓದುಗರು)

ಉ: ಅಂಗವೈಕಲ್ಯ ಶೇಕಡಾ ಎಷ್ಟು ಎಂದು ಇಲಾಖೆ ಅಳೆದು ಅದರ ಮೇಲೆ ಹಣ ಕೊಡುತ್ತದೆ. ಕ್ಯಾನ್ಸರ್ ಸಕ್ರಿಯವಾಗಿರುವಾಗ ಶೇ 100. ಅವಲಂಬಿತರಿಲ್ಲದವರಿಗೆ 2025ರ ದರ ತಿಂಗಳಿಗೆ 3,831.30 ಡಾಲರ್, ತೆರಿಗೆ ಇಲ್ಲ. ಚಿಕಿತ್ಸೆ ನಿಂತ ಆರು ತಿಂಗಳಿಗೆ ಕಡ್ಡಾಯ ತಪಾಸಣೆ. ಕ್ಯಾನ್ಸರ್ ಮರುಕಳಿಸಿಲ್ಲ ಎಂದಾದರೆ ಉಳಿದ ತೊಂದರೆಯ ಮೇಲೆ ಹೊಸ ದರ. ಮೂತ್ರಕೋಶದ ವಿಷಯದಲ್ಲಿ ಆ ಲೆಕ್ಕ ಬಹಳ ನೇರ: ರಾತ್ರಿ ಐದು ಅಥವಾ ಹೆಚ್ಚು ಸಲ ಏಳಬೇಕಾದರೆ ಶೇ 40. ಮೂತ್ರ ಸೋರಿಕೆಗೆ ಪ್ಯಾಡ್ ದಿನಕ್ಕೆ 2ರಿಂದ 4 ಸಲ ಬದಲಾಯಿಸಬೇಕಾದರೆ ಶೇ 40, ನಾಲ್ಕಕ್ಕಿಂತ ಹೆಚ್ಚಾದರೆ ಶೇ 60.

ಹಳೆಯ ಕಾಲದ ಗಂಡಸರು ವೈದ್ಯರ ಮುಂದೆ "ಪರವಾಗಿಲ್ಲ, ಚೆನ್ನಾಗಿದ್ದೇನೆ" ಎಂದುಬಿಡುತ್ತಾರೆ. ತಪಾಸಣೆಗೆ ಮೊದಲಿನ ಒಂದು ತಿಂಗಳು ಎಷ್ಟು ಸಲ ಎದ್ದರು, ಎಷ್ಟು ಪ್ಯಾಡ್ ಎಂದು ಕ್ಯಾಲೆಂಡರಿನ ಮೇಲೆ ಬರೆಸಿ, ಅದರ ಪ್ರತಿಯನ್ನು ಕೈಗೆ ಕೊಟ್ಟು ಕಳುಹಿಸಿ.

ಎರಡು ತೊಂದರೆ ಇದ್ದರೆ ನೇರವಾಗಿ ಕೂಡಿಸುವುದಿಲ್ಲ. ಶೇ 60 ಮತ್ತು ಶೇ 10 ಇದ್ದರೆ, 60 ಹೋಗಿ ಉಳಿದ 40ರಲ್ಲಿ ಶೇ 10, ಅಂದರೆ 4, ಒಟ್ಟು 64. ಹತ್ತಿರದ ಹತ್ತಕ್ಕೆ ಇಳಿಸಿದರೆ ಮತ್ತೆ 60.

ಪ್ರ: ನನಗೆ ಸ್ತನ ಕ್ಯಾನ್ಸರ್ ಆಗಿತ್ತು, 1984ರಲ್ಲಿ ಲೆಜೂನ್‌ನಲ್ಲಿ ಸೇವೆಯಲ್ಲಿದ್ದೆ. ಒಂದು ಪಟ್ಟಿಯಲ್ಲಿ ನನ್ನ ಕಾಯಿಲೆ ಇದೆ, ಇನ್ನೊಂದರಲ್ಲಿ ಇಲ್ಲ ಎಂದು ನನ್ನ ಸೊಸೆ ಹೇಳುತ್ತಾಳೆ. (ಸೊಸೆ ಕನ್ನಡದಲ್ಲಿ ಬರೆದು ಕಳುಹಿಸಿದ್ದು, ವರ್ಜೀನಿಯಾ)

ಉ: ಸೊಸೆ ಹೇಳಿದ್ದು ಸರಿ. 2012ರ ಕಾನೂನಿನಲ್ಲಿ 15 ಕಾಯಿಲೆಗಳಿವೆ, ಸ್ತನ ಕ್ಯಾನ್ಸರ್ ಅದರಲ್ಲಿದೆ. ಆ ಪಟ್ಟಿ ಚಿಕಿತ್ಸೆಗೆ. (ಒಂಬತ್ತು ವರ್ಷಕ್ಕೆ ಲ್ಯುಕೇಮಿಯಾದಿಂದ ತೀರಿಕೊಂಡ ಜೇನಿಯ ಹೆಸರಿನಲ್ಲಿ ಕರೆಯುವ ಕಾನೂನು ಇದೇ, ಅವಳ ತಂದೆ, ನಿವೃತ್ತ ಮರೀನ್ ಜೆರ್ರಿ ಎನ್ಸ್‌ಮಿಂಗರ್, ವರ್ಷಗಟ್ಟಲೆ ಸಂಸತ್ತಿನ ಬಾಗಿಲು ಬಡಿದವರು.) ತಿಂಗಳ ಪರಿಹಾರದ ಪಟ್ಟಿ ಎಂಟರದ್ದು, ಅದರಲ್ಲಿ ಸ್ತನ ಕ್ಯಾನ್ಸರ್ ಇಲ್ಲ.

ಹಾಗಂತ ದಾರಿ ಮುಚ್ಚಿಲ್ಲ. ಇಲ್ಲಿ ಸಂಬಂಧವನ್ನು ನೀವೇ ತೋರಿಸಬೇಕು. ನಿಮ್ಮ ಕ್ಯಾನ್ಸರ್ ವೈದ್ಯರಿಂದ ಪತ್ರ ಬೇಕು. ಅದರಲ್ಲಿ ಮೂರು ಮಾತು ಇರಲಿ: ನಿಮ್ಮ ದಾಖಲೆಗಳನ್ನು ಓದಿದ್ದೇನೆ, ಲೆಜೂನ್ ನೀರಿನಿಂದ ಕಾಯಿಲೆ ಬಂದಿರುವ ಸಾಧ್ಯತೆ ಅರ್ಧಕ್ಕೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು, ಅದಕ್ಕೆ ಕಾರಣ ಇಂಥದ್ದು. 'ಬಂದಿರಲೂಬಹುದು' ಎಂದು ಬರೆದರೆ ಆ ಪತ್ರ ದಂಡ. ಕಾರಣದ ಭಾಗದಲ್ಲಿ ಮನೆಯಲ್ಲಿ ಈ ಕ್ಯಾನ್ಸರ್ ಇದ್ದವರಿದ್ದಾರೆಯೇ, ವಯಸ್ಸೆಷ್ಟು, ಬೇರೆ ಅಪಾಯಗಳೇನು ಎಂಬುದನ್ನೂ ವೈದ್ಯರು ಎದುರಿಸಿ ಬರೆಯಬೇಕು. ಅವನ್ನು ಬಿಟ್ಟರೆ ಇಲಾಖೆಯ ವೈದ್ಯರು ಅದನ್ನೇ ಹಿಡಿದು ತಳ್ಳಿಹಾಕುತ್ತಾರೆ.

ಪ್ರ: ಹೆಂಡತಿ ಮಕ್ಕಳೂ ಅದೇ ನೀರು ಕುಡಿದರಲ್ಲ? ವಕೀಲರ ಜಾಹೀರಾತು ಟಿವಿಯಲ್ಲಿ ಬರುತ್ತಲೇ ಇತ್ತು. (ಹ್ಯೂಸ್ಟನ್)

ಉ: ತಿಂಗಳ ಪರಿಹಾರ ಸೈನಿಕರಿಗೆ ಮಾತ್ರ. ಆ ಅವಧಿಯಲ್ಲಿ 30 ದಿನ ಅಲ್ಲಿ ವಾಸವಿದ್ದ ಹೆಂಡತಿ ಮಕ್ಕಳಿಗೆ, ಗರ್ಭದಲ್ಲಿದ್ದ ಮಗುವಿಗೂ, 15 ಕಾಯಿಲೆಗಳ ಚಿಕಿತ್ಸೆಯ ಖರ್ಚು ಮರುಪಾವತಿ ಆಗುತ್ತದೆ. ಮೊದಲು ಅವರ ವಿಮೆ ಕೊಡಬೇಕು, ಉಳಿದದ್ದನ್ನು ಇಲಾಖೆ. ನಮೂನೆ 10-10068. ಸೈನಿಕ ಈ ಕಾಯಿಲೆಯಿಂದ ತೀರಿಕೊಂಡಿದ್ದರೆ ಹೆಂಡತಿಗೆ ಪ್ರತ್ಯೇಕ ಮಾಸಾಶನವಿದೆ, ಅದಕ್ಕೆ 21ಪಿ-534ಇಝಡ್.

ಜಾಹೀರಾತಿನ ವಿಷಯ ಬೇರೆ. ಅದು 2022ರ ಆಗಸ್ಟ್ 10ರ ಕಾನೂನಿನಡಿ ಸರ್ಕಾರದ ಮೇಲೆ ಹೂಡುವ ನಷ್ಟ ಪರಿಹಾರದ ದಾವೆ. ಅದಕ್ಕೆ ಹೊಸದಾಗಿ ಅರ್ಜಿ ಹಾಕುವ ಗಡುವು 2024ರ ಆಗಸ್ಟ್ 10ಕ್ಕೆ ಮುಗಿದಿದೆ. ವಿಎ ಪರಿಹಾರಕ್ಕೆ ಗಡುವಿಲ್ಲ. ಗಡುವು ಮುಗಿಯಿತು ಎಂದು ಕೇಳಿ ವಿಎ ಅರ್ಜಿಯನ್ನೂ ಕೈಬಿಟ್ಟವರಿದ್ದಾರೆ, ಅವರಿಗೆ ಹೇಳಿ.

ಮೊದಲ ವಿಎ ಅರ್ಜಿಗೆ ದುಡ್ಡು ಕೇಳುವವರಿಂದ ದೂರ ಇರಿ. ಮಾನ್ಯತೆ ಪಡೆದ ಮಾಜಿ ಸೈನಿಕರ ಸಂಘಗಳು ಈ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತವೆ.

ಪ್ರ: ಅರ್ಜಿ ತಿರಸ್ಕೃತವಾದರೆ? (ಅಟ್ಲಾಂಟಾ)

ಉ: ಪತ್ರದ ತಾರೀಕಿನಿಂದ ಒಂದು ವರ್ಷ ಸಮಯ. ಮೊದಲು ತಿರಸ್ಕಾರದ ಕಾರಣ ಓದಿ. ಕಾಗದ ಕಡಿಮೆ ಎಂದಿದ್ದರೆ ಆ ಕಾಗದ ಸೇರಿಸಿ 20-0995 ನಮೂನೆ ಹಾಕಿ. ಕಾಗದ ಕೊಟ್ಟಿದ್ದರೂ ನೋಡಿಲ್ಲ ಎಂದಾದರೆ 20-0996, ಇದರಲ್ಲಿ ಹಿರಿಯ ಅಧಿಕಾರಿ ಅದೇ ಕಡತವನ್ನು ಮತ್ತೆ ನೋಡುತ್ತಾರೆ, ಹೊಸ ಸಾಕ್ಷ್ಯ ಕೊಡುವಂತಿಲ್ಲ. ಇದು ಗೊತ್ತಿಲ್ಲದೆ ಹೊಸ ವೈದ್ಯರ ಪತ್ರವನ್ನು 20-0996 ಜೊತೆ ಕಳುಹಿಸುತ್ತಾರೆ, ಅದನ್ನು ಯಾರೂ ಓದುವುದಿಲ್ಲ. ಮೂರನೆಯದು ಮೇಲ್ಮನವಿ ಮಂಡಳಿ, ಅಲ್ಲಿ ತಡವಾಗುತ್ತದೆ.

ಪ್ರ: ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಅಮೆರಿಕನ್ ಮರೀನ್ ಒಬ್ಬರಿದ್ದಾರೆ, ಯೋಗ ಕಲಿಯಲು ಬಂದು ಇಲ್ಲೇ ಉಳಿದವರು. ಅವರಿಗೂ ಸಿಗುತ್ತದೆಯೇ? (ಮೈಸೂರು)

ಉ: ಸಿಗುತ್ತದೆ. ಪರಿಹಾರಕ್ಕೆ ಅಮೆರಿಕದಲ್ಲೇ ಇರಬೇಕೆಂಬ ಷರತ್ತಿಲ್ಲ. ಸೇವಾ ಸಂಬಂಧ ಒಪ್ಪಿಕೊಂಡ ಕಾಯಿಲೆಗೆ ಮೈಸೂರಿನ ಆಸ್ಪತ್ರೆಯ ಖರ್ಚನ್ನೂ ವಿದೇಶಿ ವೈದ್ಯಕೀಯ ಯೋಜನೆಯಡಿ ಇಲಾಖೆ ಕೊಡುತ್ತದೆ. ಬಿಲ್ಲಿನಲ್ಲಿ ಕಾಯಿಲೆಯ ಹೆಸರು, ಚಿಕಿತ್ಸೆಯ ತಾರೀಕು, ಪ್ರತಿಯೊಂದು ಬಾಬ್ತು ಬೇರೆ ಬೇರೆಯಾಗಿ ಇರಬೇಕು. 'ಒಟ್ಟು ಮೊತ್ತ' ಎಂದು ಒಂದೇ ಸಾಲು ಬರೆದ ರಸೀದಿ ವಾಪಸ್ ಬರುತ್ತದೆ.

ಪ್ರ: ಬೇರೆ ನೆಲೆಗಳಲ್ಲಿ ಬೆಂಕಿ ನಂದಿಸುವ ನೊರೆಯಿಂದ ನೀರು ಕೆಟ್ಟಿದೆಯಂತೆ. ಅವರಿಗೂ 30 ದಿನದ ನಿಯಮ ಉಂಟೇ? (ಸ್ಯಾನ್ ಡಿಯೇಗೊ)

ಉ: ಇಲ್ಲ. ಆ ನಿಯಮ ಲೆಜೂನ್ ಮತ್ತು ನ್ಯೂ ರಿವರ್‌ಗೆ ಮಾತ್ರ. ನೊರೆಯಲ್ಲಿರುವ ಪಿಫಾಸ್ ರಾಸಾಯನಿಕಗಳಿಗೂ ಮೂತ್ರಪಿಂಡದ ಕ್ಯಾನ್ಸರ್‌ಗೂ ಸಂಬಂಧವನ್ನು ಪರಿಶೀಲಿಸುವುದಾಗಿ ಇಲಾಖೆ 2024ರಲ್ಲಿ ಹೇಳಿತು. ಸದ್ಯಕ್ಕೆ ಸ್ತನ ಕ್ಯಾನ್ಸರ್ ಪ್ರಶ್ನೆಗೆ ಹೇಳಿದ ದಾರಿಯೇ: ನೆಲೆಯ ನೀರಿನ ಪರೀಕ್ಷಾ ವರದಿ, ಅಲ್ಲಿದ್ದ ದಿನಗಳ ದಾಖಲೆ, ವೈದ್ಯರ ಪತ್ರ. ಅಗ್ನಿಶಾಮಕ ಕೆಲಸದಲ್ಲಿದ್ದವರು ನೊರೆಯನ್ನು ಕೈಯಾರೆ ಬಳಸಿದ್ದನ್ನು ತೋರಿಸುವ ಕೆಲಸದ ಕೋಡ್ ಇರುವ ಪುಟವನ್ನು ಮೊದಲಿಗೆ ಇಡಲಿ.