ಡಿ ಸಿಟರ್ ವಿಶ್ವಕ್ಕೆ ಬಂಚ್-ಡೇವಿಸ್ ನಿರ್ವಾತವೇ ಯಾಕೆ?

ಡಿ ಸಿಟರ್ ವಿಶ್ವ ಅಂದರೆ ದ್ರವ್ಯವಿಲ್ಲದ, ಸದಾ ಒಂದೇ ದರದಲ್ಲಿ ಹಿಗ್ಗುವ ಮಾದರಿ ವಿಶ್ವ. ಅದರಲ್ಲಿ ಎಷ್ಟೋ ನಿರ್ವಾತ ಸ್ಥಿತಿಗಳು (ಕ್ಷೇತ್ರದಲ್ಲಿ ಕಣಗಳೇ ಇಲ್ಲದ 'ಖಾಲಿ' ಸ್ಥಿತಿಗಳು) ಇರುವಾಗ ಎಲ್ಲರೂ ಬಂಚ್-ಡೇವಿಸ್ ನಿರ್ವಾತವನ್ನೇ ಹಿಡಿಯುವುದು ಸುಮ್ನೆ ಅನುಕೂಲಕ್ಕಾ ಅಂತ ಕೇಳಿದ್ದೀರಿ. ಅನುಕೂಲವೂ ಹೌದು, ಆದರೆ ಅಷ್ಟೇ ಅಲ್ಲ.

ವಿಶ್ವ ಹಿಗ್ಗುತ್ತಿದ್ದರೆ ಕ್ಷೇತ್ರದ ಪ್ರತಿ ಅಲೆಯ ಆವರ್ತನವೂ ಕಾಲದ ಜೊತೆ ಬದಲಾಗುತ್ತದೆ. ಮೊದಲು ಖಾಲಿ ಇದ್ದದ್ದೇ ಆಮೇಲೆ ಕಣಗಳ ಜೋಡಿಗಳಿಂದ ತುಂಬಿರುತ್ತದೆ. 1960ರ ದಶಕದಲ್ಲಿ ಲಿಯೊನಾರ್ಡ್ ಪಾರ್ಕರ್ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. (ಬೆಳಕಿಗೆ ಈ ಗೊಡವೆ ಇಲ್ಲ. ಎಲ್ಲ ಕಡೆಗೂ ಒಂದೇ ಸಮ ಹಿಗ್ಗಿದರೆ ಫೋಟಾನ್ ಹುಟ್ಟುವುದಿಲ್ಲ.) ಹಾಗಾದರೆ ಯಾವ ಹೊತ್ತಿನ 'ಖಾಲಿ'ಯನ್ನು ನಂಬುವುದು?

ಒಂದೇ ಒಂದು ಅಲೆಯನ್ನು ಹಿಡಿದು ಕಾಲದಲ್ಲಿ ಹಿಂದಕ್ಕೆ ಹೋಗಿ. ಹೋದಷ್ಟೂ ಅದರ ಉದ್ದ ಹಬಲ್ ದೂರಕ್ಕಿಂತ (ಬೆಳಕಿನ ವೇಗವನ್ನು ಹಿಗ್ಗುವ ದರದಿಂದ ಭಾಗಿಸಿದರೆ ಬರುವ ದೂರ) ತೀರಾ ಚಿಕ್ಕದಾಗುತ್ತದೆ. ಅಷ್ಟು ಚಿಕ್ಕ ಅಲೆಗೆ ದೇಶಕಾಲದ ವಕ್ರತೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಅಲ್ಲಿ ಅದು ಮಿಂಕೋವ್‌ಸ್ಕಿ ನಿರ್ವಾತದ (ವಕ್ರತೆಯಿಲ್ಲದ ಸಮತಟ್ಟು ವಿಶ್ವದ ನಿರ್ವಾತದ) ಅಲೆಯಂತೆಯೇ, ಬರೀ ಧನ ಆವರ್ತನದಲ್ಲಿ ಕಂಪಿಸಬೇಕು ಅಂದರೆ ಮುಗೀತು, ಉಳಿಯುವುದು ಬಂಚ್-ಡೇವಿಸ್ ಒಂದೇ. ಆಲ್ಫಾ ಎಂಬ ಸಂಖ್ಯೆಯಿಂದ ಗುರುತಿಸುವ ಮಿಕ್ಕ ನಿರ್ವಾತಗಳಿಗೂ (ಆಲ್ಫಾ ನಿರ್ವಾತಗಳು) ಡಿ ಸಿಟರ್ ಸಮ್ಮಿತಿ ಇದೆ, ಅಂದರೆ ಆ ವಿಶ್ವದ ಯಾವ ಜಾಗ, ಯಾವ ಹೊತ್ತಿನಿಂದ ನೋಡಿದರೂ ಅವು ಒಂದೇ ಥರ. ಆದರೆ ಎರಡು ಬಿಂದುಗಳಲ್ಲಿನ ಕ್ಷೇತ್ರದ ನಂಟನ್ನು ಲೆಕ್ಕ ಹಾಕಿ ಆ ಬಿಂದುಗಳನ್ನು ಹತ್ತಿರ ತಂದಾಗ ಅವು ಸಮತಟ್ಟು ವಿಶ್ವದಂತೆ ವರ್ತಿಸುವುದಿಲ್ಲ. ಶಕ್ತಿಯ ಲೆಕ್ಕದಲ್ಲಿ ಬರುವ ಅನಂತವನ್ನು ಮಾಮೂಲಿ ದಾರಿಯಲ್ಲಿ ಕಳೆಯಲು ಆಗುವುದಿಲ್ಲ. ನನಗೆ ಜಾಸ್ತಿ ತೂಕದ ಕಾರಣ ಇದೇ.

ಇನ್ನೊಂದು ವಿಷಯ. ದ್ರವ್ಯರಾಶಿಯಿಲ್ಲದ, ವಕ್ರತೆಯ ಜೊತೆ ನೇರ ಜೋಡಣೆಯಿಲ್ಲದ ಸ್ಕೇಲಾರ್ ಕ್ಷೇತ್ರಕ್ಕೆ (ಪ್ರತಿ ಬಿಂದುವಿನಲ್ಲೂ ಬರೀ ಒಂದು ಸಂಖ್ಯೆ ಇರುವ, ದಿಕ್ಕಿಲ್ಲದ ಕ್ಷೇತ್ರ) ಪೂರ್ತಿ ಡಿ ಸಿಟರ್ ಸಮ್ಮಿತಿಯಿರುವ ನಿರ್ವಾತವೇ ಇಲ್ಲ. ದ್ರವ್ಯರಾಶಿ ಸೊನ್ನೆ ಹಾಕಿದ ಕೂಡಲೇ ನಿಮ್ಮ ಉತ್ತರ ಅನಂತಕ್ಕೆ ಹೋಗುತ್ತಿದ್ದರೆ ಅಲ್ಲೇ ನೋಡಿ.